ಆಯ್ಕೆಯೂ ಮರುಪ್ರಶ್ನೆಯೂ

ಕೃಷ್ಣರಾಜಪುರದಿಂದ ಇಂದಿರಾನಗರಕ್ಕೆ ದಿನವೂ ಹೋಗಿಬರುವವರನ್ನು ‘ಪ್ರಯಾಣದಲ್ಲಿ ತಮಗೆ ಬೇಕಾದುದೇನು?’ ಎಂದು ಕೇಳಿದರೆ ಉತ್ತರ ಸಿದ್ಧವಾಗಿಯೇ ಇರುತ್ತದೆ: ಬೇಗ ತಲುಪಬೇಕು, ದರ ಕಡಿಮೆಯಿರಬೇಕು, ನಡಿಗೆ ಹೆಚ್ಚಿರಬಾರದು. ಎಲ್ಲವೂ ಬೇಕೆಂಬ ಈ ಉತ್ತರದಿಂದ ಯಾವುದಕ್ಕೆ ಎಷ್ಟು ತೂಕವೆಂಬುದು ತಿಳಿಯದು.

ಆದಕಾರಣ ಸಮೀಕ್ಷಕರು ಗುಣಗಳನ್ನು ಕೂಡಿಸಿಯೇ ಮುಂದಿಡುತ್ತಾರೆ. ‘20 ನಿಮಿಷ, 40 ರೂಪಾಯಿ, ದೂರದ ನಿಲ್ದಾಣ’ ಒಂದು. ‘50 ನಿಮಿಷ, 20 ರೂಪಾಯಿ, ಹತ್ತಿರದ ನಿಲ್ದಾಣ’ ಇನ್ನೊಂದು. ಒಂದನ್ನು ಆರಿಸಿರಿ ಎನ್ನುತ್ತಾರೆ. ಇಂಥ ಹಲವು ಜೋಡಿಗಳಿಂದ ಒಂದೊಂದು ಗುಣದ ತೂಕವನ್ನೂ ಲೆಕ್ಕಹಾಕುತ್ತಾರೆ. ಈ ವಿಧಾನಕ್ಕೆ 1964ರಲ್ಲಿ ಲೂಸ್ ಮತ್ತು ಟ್ಯೂಕಿ ಗಣಿತದ ತಳಹದಿ ಹಾಕಿದರು. 1971ರಲ್ಲಿ ಪಾಲ್ ಗ್ರೀನ್ ಮತ್ತು ವಿಠಲ ರಾವ್ ಅದನ್ನು ಗ್ರಾಹಕರ ಅಭಿರುಚಿಯ ಅಳತೆಗೆ ತಂದರು. ಇದನ್ನು ಕಾಂಜಾಯಿಂಟ್, ಎಂದರೆ ಸಂಯುಕ್ತ ವಿಧಾನ, ಎನ್ನುತ್ತಾರೆ.

ವ್ಯಾಕರಣ ಓದಿದವರಿಗೆ ಇಲ್ಲಿ ಸಮಾಸದ ನೆನಪಾದೀತು. ‘ಪೀತಾಂಬರ’ವೆಂದರೆ ಹಳದಿಯ ವಸ್ತ್ರವೂ ಹೌದು, ಅದನ್ನುಟ್ಟ ವಿಷ್ಣುವೂ ಹೌದು. ಯಾವುದೆಂದು ಪದವೊಂದೇ ಹೇಳದು, ಸಂದರ್ಭವನ್ನು ವಿಚಾರಿಸಬೇಕು. ಆಯ್ಕೆಯೂ ಹಾಗೆಯೇ.

ದುಡಿಯುವ ಮಹಿಳೆಯೊಬ್ಬರು ಪ್ರತಿ ಸಲವೂ ಕಡಿಮೆ ದರವನ್ನೇ ಆರಿಸಿದರೆನ್ನಿ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣ ದೊರೆಯಿತು. ಅದೇ ವರ್ಷದ ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿ–ಕೃಷ್ಣರಾಜಪುರ ಮೆಟ್ರೋ ಕೊಂಡಿ ಬೆಸೆದು, ಇಂದಿರಾನಗರಕ್ಕೆ ನೇರ ರೈಲು ಬಂದಿತು. 2025ರ ಫೆಬ್ರವರಿಯಲ್ಲಿ ಮೆಟ್ರೋ ದರ ಏರಿತು. ಈಗ ಆ ಮಹಿಳೆಗೆ ಮಿತವ್ಯಯ ಪ್ರಿಯವೋ, ಕೈಯಲ್ಲಿ ಹಣವಿಲ್ಲವೋ? ದರಕ್ಕೆ ತೂಕ ಹೆಚ್ಚೆಂದಷ್ಟೇ ಲೆಕ್ಕ ಹೇಳೀತು. ಕಾರಣಕ್ಕೆ ಮರುಪ್ರಶ್ನೆ ಬೇಕು.

ಅದನ್ನು ಕೇಳುವ ಕ್ರಮವೊಂದುಂಟು. ಆಯ್ಕೆಗಳೆಲ್ಲ ಮುಗಿದ ಮೇಲೆಯೇ ಕೇಳಬೇಕು. ನಡುವೆ ಕೇಳಿದರೆ ಮುಂದಿನ ಆಯ್ಕೆಗಳು ಕದಡುತ್ತವೆ. ‘ತಮಗೆ ಹಣವೇ ಮುಖ್ಯವಷ್ಟೆ?’ ಎನ್ನಬಾರದು. ಕೆಲವೇ ಆಯ್ಕೆಗಳಿಂದ ಹೊರಟ ಅಂಕಿ ಬರಿಯ ಅಂದಾಜು. ಅದನ್ನು ಅವರ ಬಾಯಿಮಾತೆಂದು ಅವರಿಗೇ ಒಪ್ಪಿಸುವುದು ಸಲ್ಲದು. ‘ಎಂಟರಲ್ಲಿ ಎಂಟು ಸಲವೂ ಕಡಿಮೆ ದರದ್ದನ್ನು ಆರಿಸಿದಿರಿ; ಏಕೆಂದು ಹೇಳುವಿರಾ?’ ಎಂದು, ಕಂಡುದನ್ನಷ್ಟೇ ಹೇಳಿ ಕೇಳಬೇಕು. ಬೇಗ ತಲುಪುವುದನ್ನು ಆರಿಸಿದವರನ್ನೂ ಅದೇ ಮಾತಿನಲ್ಲಿ ಕೇಳಬೇಕು. ಇಲ್ಲದಿದ್ದರೆ ಉತ್ತರಗಳನ್ನು ಹೋಲಿಸಲಾಗದು. ನಮ್ಮ ಜನಕ್ಕೆ ದಾಕ್ಷಿಣ್ಯ ಹೆಚ್ಚು; ಮನೆಗೆ ಬಂದವರು ಹೇಳಿದ್ದಕ್ಕೆ ತಲೆಯಾಡಿಸಿಬಿಡುತ್ತಾರೆ. ಆದ್ದರಿಂದ ‘ಹಾಗಲ್ಲ’ ಎನ್ನುವುದಕ್ಕೂ ಎಡೆಯಿರಬೇಕು.

ಇದು ಬರಿಯ ಶಾಸ್ತ್ರಚರ್ಚೆಯಲ್ಲ. ‘ಮಹಿಳೆಯರಿಗೆ ಬಸ್ಸೇ ಇಷ್ಟ’ ಎಂದು ವರದಿಯಲ್ಲಿ ಬರೆದುಬಿಟ್ಟರೆ, ರೈಲಿನ ದರವನ್ನು ಇಳಿಸುವ ಯೋಚನೆ ಅಲ್ಲಿಗೇ ನಿಲ್ಲುತ್ತದೆ. ‘ಇಷ್ಟವಲ್ಲ, ಹಣ ಸಾಲದು’ ಎಂದು ತಿಳಿದರೆ ಆ ಯೋಚನೆಗೆ ದಾರಿಯಾದೀತು. ತಮ್ಮ ಮನೆಬಾಗಿಲಿಗೂ ಸಮೀಕ್ಷಕರು ಬರಬಹುದು. ಆಗ ತಾವು ಆಯ್ಕೆಯನ್ನಷ್ಟೇ ಹೇಳಿ ಸುಮ್ಮನಾಗದೆ, ಅದರ ಕಾರಣವನ್ನೂ ಹೇಳಿರಿ. ಅವರು ಕೇಳದಿದ್ದರೂ ಹೇಳಿರಿ.