ಹದಿನೇಳು ತೋಟೆಗಳ ಲೆಕ್ಕ
(ಜ್ಯಾಕ್ಸನ್ ಹೈಟ್ಸ್‌ನಲ್ಲಿ ಸೇರಿದ್ದ ಕನ್ನಡ ಓದುಗರ ಮುಂದೆ ಮಾಡಿದ ಭಾಷಣದ ಬರಹರೂಪ)



ಅಮೆರಿಕದ ಬಂದೂಕಿನ ಮಾತು ಪ್ರಗತಿಪರ ಕನ್ನಡಿಗರ ನಡುವೆ ಬಂದಾಗ ಸಾಮಾನ್ಯವಾಗಿ ಎರಡೇ ವಾಕ್ಯಗಳಲ್ಲಿ ಮುಗಿದುಹೋಗುತ್ತದೆ. ಇದು ಇಲ್ಲಿಯವರ ಹುಚ್ಚು. ಕನ್ನಡನಾಡಿನಿಂದ ಬಂದವರಿಗೂ ಇದಕ್ಕೂ ಸಂಬಂಧವಿಲ್ಲ. ಎರಡನೆಯ ವಾಕ್ಯ ನಿಜವಲ್ಲ. ಕೊಡಗಿನ ಐನ್‌ಮನೆಗಳನ್ನೂ ಮೂಡಿಗೆರೆ, ತೀರ್ಥಹಳ್ಳಿ ಕಡೆಯ ತೋಟದ ಮನೆಗಳನ್ನೂ ಬಲ್ಲವರಿಗೆ ಗೋಡೆಗೆ ತೂಗುಹಾಕಿದ ಕೋವಿ ಹೊಸ ನೋಟವೇನಲ್ಲ. ಇಂದಿನ ಮಾತು ಸುದ್ದಿಯಲ್ಲಿ ಕಾಣುವ ಭೀಕರ ಬಂದೂಕುಗಳನ್ನು ಕುರಿತದ್ದಲ್ಲ. ಮನೆಯ ಮೇಜಿನ ಮೇಲೆ ಬಿಚ್ಚಿ, ತಿದ್ದಿ, ಮತ್ತೆ ಜೋಡಿಸುವ ಅಗ್ಗದ.22 ರೈಫಲ್ಲನ್ನು ಕುರಿತದ್ದು.

ರಿಮ್‌ಫೈರ್ ಎಂಬ ಈ ಜಾತಿಯ ತೋಟೆಗೆ ನಡುವಿನಲ್ಲಿ ಕೇಪು ಇರುವುದಿಲ್ಲ. ಕಿಡಿಹೊತ್ತುವ ಮದ್ದು ಹಿತ್ತಾಳೆಯ ಬುಡದ ಅಂಚಿನ ಮಡಿಕೆಯೊಳಗೆ ಸುತ್ತಲೂ ತುಂಬಿರುತ್ತದೆ. ಆ ಅಂಚನ್ನು ಜಜ್ಜಿದರೆ ಈಡು ಹಾರುತ್ತದೆ. ಜಜ್ಜಿಸಿಕೊಳ್ಳಬೇಕಾದ ಅಂಚು ತೆಳ್ಳಗಿರಬೇಕಾದ್ದರಿಂದ ಒಳಗಿನ ಒತ್ತಡ ಕಡಿಮೆ, ಬೆಲೆಯೂ ಕಡಿಮೆ. ಇಂದು ಎಲ್ಲೆಡೆ ಬಳಕೆಯಲ್ಲಿರುವ .22 ಲಾಂಗ್ ರೈಫಲ್ ತೋಟೆ 1887ರಷ್ಟು ಹಳೆಯದು. ಅದನ್ನು ಹಾರಿಸುವ ಎರಡು ರೈಫಲ್‌ಗಳು ಅಮೆರಿಕದ ಸಾಧಾರಣ ಮನೆಗಳನ್ನು ಹೊಕ್ಕವು: 1960ರ ಮಾರ್ಲಿನ್ ಮಾಡೆಲ್ 60 ಮತ್ತು 1964ರ ರೂಗರ್ 10/22. ರೂಗರಿನ ನಳಿಗೆಯನ್ನು ಹಿಡಿದಿರುವುದು ಎರಡು ಸ್ಕ್ರೂಗಳು. ಹೀಗಾಗಿ ಹಿಡಿ, ನಳಿಗೆ, ಟ್ರಿಗರ್ ಎಂದು ಒಂದೊಂದನ್ನೇ ಬದಲಿಸುತ್ತ ಹೋದವನ ಬಳಿ ಕೊನೆಗೆ ಕಾರ್ಖಾನೆಯಿಂದ ಬಂದದ್ದು ಎಷ್ಟು ಉಳಿದಿದೆಯೆಂದು ಹುಡುಕಬೇಕಾಗುತ್ತದೆ. ಮಾರ್ಲಿನ್ ಇಟ್ಟುಕೊಂಡವರ ಕೆಲಸ ಇನ್ನೂ ಬಡವರದು: ಕಾಲ ಸಂದಂತೆ ಬಿರುಕುಬಿಡುವ ಪ್ಲಾಸ್ಟಿಕ್ ಬಫರನ್ನು ಬದಲಿಸುವುದು, ಮಸಿ ಕೆರೆಯುವುದು, ಮರಕ್ಕೆ ಎಣ್ಣೆ ತಿಕ್ಕುವುದು. ಊರಿನಲ್ಲಿ ಹಳೆಯ ಮೋಟಾರ್‌ಸೈಕಲ್ ಬಿಚ್ಚಿದ ಕೈಗಳಿಗೆ ಈ ಸುಖ ಅಪರಿಚಿತವಲ್ಲ. ಬೇಟೆಯ ಗೀಳಿನಿಂದ ಕ್ಯಾಮೆರಾದ ಕಡೆಗೆ ತಿರುಗಿದ ಪೂರ್ಣಚಂದ್ರ ತೇಜಸ್ವಿಯವರನ್ನು ಮೆಚ್ಚಿ ಓದಿದವರು ಇದನ್ನು ಹಳಿಯುವ ಮೊದಲು ತುಸು ಯೋಚಿಸಬೇಕು.

ಆದರೆ ಕೋವಿ ಮೋಟಾರ್‌ಸೈಕಲ್ ಅಲ್ಲ. ಹಡ್ಸನ್ ನದಿಯಾಚೆಯ ನ್ಯೂಜೆರ್ಸಿ 1990ರಲ್ಲಿ ದಾಳಿ ಬಂದೂಕುಗಳ ವಿರುದ್ಧ ಕಾನೂನು ಮಾಡಿತು. ಬಿಡಿಸಲಾಗದ ಮ್ಯಾಗಜಿನ್ನಿನಲ್ಲಿ 15ಕ್ಕಿಂತ ಹೆಚ್ಚು ತೋಟೆ ಹಿಡಿಯುವ ಅರೆಸ್ವಯಂಚಾಲಿತ ರೈಫಲ್ ಕೂಡ ಅದರ ವ್ಯಾಪ್ತಿಗೆ ಬಂತು. ಹಳೆಯ ಮಾರ್ಲಿನ್ 60ರ ನಳಿಗೆಯ ಅಡಿಯಲ್ಲಿರುವ ಉದ್ದನೆಯ ಕೊಳವೆ ಹಿಡಿಯುತ್ತಿದ್ದುದು 17. ಕಂಪನಿಯೇ ಎಂಬತ್ತರ ದಶಕದ ಕೊನೆಗೆ ಕೊಳವೆಯನ್ನು ಮೊಟಕುಮಾಡಿ ಲೆಕ್ಕವನ್ನು 14ಕ್ಕೆ ಇಳಿಸಿತ್ತು. ಅದಕ್ಕೂ ಮೊದಲು ಮಾರಾಟವಾದವು ಮನೆಮನೆಯ ಅಟ್ಟದಲ್ಲಿದ್ದವು. ಅಳಿಲಿಗೂ ತಗಡಿನ ಡಬ್ಬಿಗೂ ಗುರಿಯಿಡುವ ಕೋವಿ ಎರಡು ತೋಟೆಗಳ ದೆಸೆಯಿಂದ ಯುದ್ಧದ ಕೋವಿಗಳ ಪಂಕ್ತಿಯಲ್ಲಿ ಕುಳಿತಿತು.

ಇಂಥದೊಂದು ರೈಫಲ್ಲನ್ನು ಸ್ಪರ್ಧೆಯ ಬಹುಮಾನವಾಗಿ ಪಡೆದಿದ್ದ ನುರಿತ ಗುರಿಕಾರರೊಬ್ಬರು ಶಿಕ್ಷೆಗೆ ಒಳಗಾದರು. ಅದನ್ನು ಬಳಸಿಯೇ ಇಲ್ಲ, ಎಷ್ಟು ತೋಟೆ ಹಿಡಿಯುತ್ತದೆಂದು ನೋಡಿಯೂ ಇಲ್ಲ ಎಂಬುದು ಅವರ ವಾದ. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಕೈಯಲ್ಲಿರುವುದು ಬಂದೂಕು ಎಂದು ಗೊತ್ತಿದ್ದರೆ ಸಾಕು, ಅದು ಎಂಥದೆಂದು ತಿಳಿದುಕೊಳ್ಳುವ ಹೊಣೆ ಇಟ್ಟುಕೊಂಡವರದೇ ಎಂಬುದು ತೀರ್ಪಿನ ತಿರುಳು. ಬಂದೂಕಿನ ಹಕ್ಕುದಾರರು ಇದನ್ನು ಮೂರ್ಖ ಕಾನೂನಿನ ಮಾದರಿಯೆಂದು ಗೇಲಿಮಾಡುತ್ತಾರೆ. ಗೇಲಿ ಪೂರ್ತಿ ಅನ್ಯಾಯವೂ ಅಲ್ಲ; ಎಣಿಕೆಯನ್ನಷ್ಟೇ ನೋಡುವ ಕಾನೂನಿಗೆ ಮೊದಲು ಸಿಕ್ಕಿಬೀಳುವುದು ಅಗ್ಗದ ಕೋವಿಯೇ. ಆದರೂ ತಿರುಳು ಸರಿಯಾದದ್ದು. ಒಂದೊಂದು ಸ್ಪ್ರಿಂಗಿನ ಗುಣವನ್ನೂ ಬಲ್ಲ ಕೈಗೆ ತೋಟೆಯ ಎಣಿಕೆಯೊಂದು ಮಾತ್ರ ಗೊತ್ತಿರಬೇಕಾಗಿಲ್ಲ ಎನ್ನಲು ಬರುವುದಿಲ್ಲ.

2018ರಲ್ಲಿ ನ್ಯೂಜೆರ್ಸಿ ಮ್ಯಾಗಜಿನ್ನಿನ ಸಾಮಾನ್ಯ ಮಿತಿಯನ್ನು 15ರಿಂದ 10ಕ್ಕೆ ಇಳಿಸಿತು. ನ್ಯೂಯಾರ್ಕ್ ನಗರದಲ್ಲಿ ರೈಫಲ್ ಇಡಲು ಪರವಾನಗಿಯೇ ಬೇಕು, ಅದರ ಬಿಡಿ ಮ್ಯಾಗಜಿನ್ 5ಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ. ಎಂದರೆ ರೂಗರಿನ ಜೊತೆಗೆ ಕಾರ್ಖಾನೆಯಿಂದಲೇ ಬರುವ 10 ತೋಟೆಯ ಮ್ಯಾಗಜಿನ್ ಹೊಳೆಯಾಚೆ ಸರಿ, ಜ್ಯಾಕ್ಸನ್ ಹೈಟ್ಸ್‌ನಲ್ಲಿ ಅಪರಾಧ. ಇದು ಅತಿಯೆನಿಸುವವರು ಈ ಬಡಾವಣೆಯ ಕಟ್ಟಡಗಳನ್ನು ಒಮ್ಮೆ ಗಮನಿಸಲಿ. ಒಬ್ಬರ ಮೇಜಿನ ಆಚೆ ಒಂದು ಗೋಡೆ, ಗೋಡೆಯ ಆಚೆ ಇನ್ನೊಬ್ಬರ ಮಗುವಿನ ಹಾಸಿಗೆ.

ಈಗ ಊರಿನ ಲೆಕ್ಕ. ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆಯ 5ನೆಯ ಸೆಕ್ಷನ್ ತಯಾರಿಕೆ, ಮಾರಾಟಗಳ ಜೊತೆಗೆ ರಿಪೇರಿಯನ್ನೂ ಮಾರ್ಪಾಡನ್ನೂ ಪರವಾನಗಿಗೆ ಒಳಪಡಿಸುತ್ತದೆ. ನಳಿಗೆ ಮೊಟಕುಮಾಡುವುದಕ್ಕೆ 6ನೆಯ ಸೆಕ್ಷನ್ ಇದೆ. ಮಲೆನಾಡಿನ ರೈತನ ಕೇಪಿನ ಕೋವಿಯ ಕುದುರೆಯನ್ನು ಸರಿಮಾಡಿಕೊಟ್ಟ ಕುಲುಮೆಯ ಆಚಾರಿ, ಪರವಾನಗಿ ಇಲ್ಲದಿದ್ದರೆ, ಅಪರಾಧಿ. ರೈತನೂ ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಗೆ ಒಪ್ಪಿಸಿ, ಹಂದಿ ನುಗ್ಗಿದ ಗದ್ದೆಯಲ್ಲಿ ತಗಡು ಬಡಿಯುತ್ತ ಕೂರುತ್ತಾನೆ.

ಕೊಡಗಿನಲ್ಲಿ ಮಾತ್ರ ಬೇರೆ ನ್ಯಾಯ. 1857ರ ದಂಗೆಯ ನಂತರದ ನಿಶ್ಶಸ್ತ್ರೀಕರಣದಿಂದ ಕೊಡವರನ್ನು ಹೊರಗಿಟ್ಟದ್ದು 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್. ಕೊಟ್ಟ ಕಾರಣ ಶೌರ್ಯ ಮತ್ತು ನಿಷ್ಠೆ. ಆ ನಿಷ್ಠೆ ಸಂದದ್ದು ಕಂಪನಿಗೆ ಎಂಬುದನ್ನು ಹೆಮ್ಮೆಯ ಭಾಷಣಗಳಲ್ಲಿ ಯಾರೂ ನೆನೆಯುವುದಿಲ್ಲ. ಸ್ವತಂತ್ರ ಭಾರತವೂ ಕೊಡವ ಜನಾಂಗದವರಿಗೆ, ಜಮ್ಮಾ ಹಿಡುವಳಿದಾರರಿಗೆ ಆ ವಿನಾಯಿತಿಯನ್ನು ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಂದು ತೋಕ್ ಪೂವಿನಿಂದ ಸಿಂಗರಿಸಿದ ಕೋವಿ, ಸಾವಿನ ಮನೆಯಿಂದ ಕೇಳುವ ಎರಡು ಈಡು, ಇವು ಒಂದು ಸಂಸ್ಕೃತಿಯ ನಿಜವಾದ ಚೆಲುವು. ಅದನ್ನು ಅಲ್ಲಗಳೆಯಬೇಕಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ. ನ್ಯೂಜೆರ್ಸಿಯಲ್ಲಿ ನುರಿತ ಗುರಿಕಾರನಿಗೂ ತಿಳಿವಳಿಕೆಯ ಹೊಣೆ ತಪ್ಪಲಿಲ್ಲ. ಇಲ್ಲಿ ಹುಟ್ಟೇ ಪರವಾನಗಿ. ಅದೇ ಕಾಫಿ ತೋಟದ ಲೈನ್‌ಮನೆಯಿಂದ ನಸುಕಿನಲ್ಲಿ ಕೆಲಸಕ್ಕೆ ಹೊರಟು ಆನೆಗೆ ಎದುರಾಗುವ ಎರವ, ಜೇನುಕುರುಬ ಕೂಲಿಕಾರರು ಆ ಹುಟ್ಟಿನ ಪಟ್ಟಿಯಲ್ಲಿಲ್ಲ.

ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದುವರಿಸಿ ಎಂಬ ಮನವಿಗಳು ಆಗ ಕಡಲು ದಾಟಿ ಈ ಬೀದಿಗಳಿಗೂ ಸಹಿ ಕೇಳಿಕೊಂಡು ಬರಲಿವೆ. ಕೋವಿಗೆ ಬೀಗ ಎಲ್ಲಿದೆ, ಹಿಡಿಯುವ ಕೈಗೆ ತರಬೇತಿ ಏನಾಗಿದೆ, ತೋಟೆಯ ಲೆಕ್ಕ ಯಾರ ಬಳಿ ಇದೆ ಎಂಬ ಒಂದು ಸಾಲಾದರೂ ಆ ಮನವಿಯಲ್ಲಿ ಇದೆಯೇ ಎಂದು ಸಹಿ ಹಾಕುವವರು ಮೊದಲು ಹುಡುಕಿ ನೋಡಬೇಕು.