ಮೆದುಳು ಕುಗ್ಗಿದೆ ಎಂದು ಬರೆದರೆ ಸಾಕೇ?

(ರೋಗಿಗಳಿಗೂ ಅವರ ಬಂಧುಗಳಿಗೂ ಏರ್ಪಡಿಸಿದ್ದ ಆರೋಗ್ಯ ತಿಳಿವಳಿಕೆ ಸಭೆಯಲ್ಲಿ ದಾಖಲಾತಿ ವಿಭಾಗದ ಸಿಬ್ಬಂದಿಯೊಬ್ಬರು ಆಡಿದ ಮಾತುಗಳ ಬರಹರೂಪ)



ಈ ಸಭೆಯಲ್ಲಿ ಸಾಮಾನ್ಯವಾಗಿ ಡಾಕ್ಟರು ಮಾತನಾಡುತ್ತಾರೆ. ನಾನು ಡಾಕ್ಟರಲ್ಲ, ರೆಕಾರ್ಡ್ ರೂಮಿನವನು. ನಾಡಿ ಹಿಡಿದು ನೋಡಲು ನನಗೆ ಬಾರದು. ನಿಮ್ಮ ಫೈಲು ಹಿಡಿದು ಓದುವುದು ನನ್ನ ಕೆಲಸ. ಓದಿ, ಅದರಲ್ಲಿರುವ ರೋಗಕ್ಕೆ ಒಂದು ಸಂಖ್ಯೆ ಬರೆಯುತ್ತೇನೆ. ಇದಕ್ಕೆ ಕೋಡಿಂಗ್ ಎನ್ನುತ್ತಾರೆ. ಈ ಸಂಖ್ಯೆಗಳು ನಾವು ಮಾಡಿಕೊಂಡವಲ್ಲ. 1893ರಲ್ಲಿ ಫ್ರಾನ್ಸಿನ ಜಾಕ್ ಬರ್ಟಿಲಾನ್ ಎಂಬವರು ಸಾವಿನ ಕಾರಣಗಳ ಒಂದು ಪಟ್ಟಿಯನ್ನು ಮಂಡಿಸಿದರು. ಅದೇ ಬೆಳೆಯುತ್ತ ಬಂದು ಇಂದು ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ ಎಂಬ ದೊಡ್ಡ ಪಟ್ಟಿಯಾಗಿದೆ. ಅದರ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಿತು. ನನ್ನ ಮೇಜಿನ ಮೇಲೆ ಮಾತ್ರ ಇನ್ನೂ ಹತ್ತನೆಯದೇ ಇದೆ.

ಇಂದು ಒಂದೇ ವಿಷಯ ಹೇಳುತ್ತೇನೆ. ವಯಸ್ಸಾದವರ ತಲೆಯ ಸ್ಕ್ಯಾನ್ ಮಾಡಿಸಿದಾಗ ಅನೇಕರ ವರದಿಯಲ್ಲಿ 'ಸೆರೆಬ್ರಲ್ ಅಟ್ರೋಫಿ' ಎಂದು ಬರುತ್ತದೆ. ಮೆದುಳು ಕುಗ್ಗಿದೆ ಎಂದು ಅರ್ಥ. ಅದನ್ನು ಯಾರಾದರೂ ಓದಿ ಹೇಳಿದ ಕೂಡಲೇ ಮನೆಯವರು ಎದೆಯೊಡೆದುಕೊಳ್ಳುತ್ತಾರೆ. "ಅಪ್ಪಾರ ಮೆದುಳು ಒಣಗೇತಂತ" ಎಂದು ನನ್ನ ಕಿಟಕಿಯ ಮುಂದೆ ನಿಂತು ಅತ್ತವರನ್ನು ಕಂಡಿದ್ದೇನೆ. ತಲೆಗೂದಲು ಬೆಳ್ಳಗಾಗುವಂತೆ ವಯಸ್ಸಿನೊಂದಿಗೆ ಎಲ್ಲರ ಮೆದುಳೂ ಸ್ವಲ್ಪ ಕುಗ್ಗುತ್ತದೆ. ಸ್ಕ್ಯಾನಿನಲ್ಲಿ ಹಾಗೆ ಕಂಡರೂ ಅಂಗಡಿಯ ಲೆಕ್ಕವನ್ನು ಪೈಸೆ ತಪ್ಪದೆ ಹೇಳುವ ಅಜ್ಜಂದಿರಿದ್ದಾರೆ. ಆದ್ದರಿಂದ ಅದು ಚಿತ್ರದಲ್ಲಿ ಕಂಡ ಸಂಗತಿ, ರೋಗದ ಹೆಸರಲ್ಲ. ಸ್ಕ್ಯಾನ್ ಓದುವ ಡಾಕ್ಟರು ಬಹಳ ಸಲ ರೋಗಿಯ ಮುಖವನ್ನೇ ನೋಡಿರುವುದಿಲ್ಲ. ಅದಕ್ಕೇ ವರದಿಯ ಕೊನೆಗೆ, ರೋಗಿಯ ಲಕ್ಷಣಗಳೊಂದಿಗೆ ಹೊಂದಿಸಿ ನೋಡಬೇಕೆಂದು ಬರೆದಿರುತ್ತಾರೆ. ಆ ಸಾಲನ್ನು ಯಾರೂ ಓದುವುದಿಲ್ಲ!

ಈಗ ನನ್ನ ಕಷ್ಟ ಕೇಳಿ. ಫೈಲಿನಲ್ಲಿ ಬರೀ 'ಮೆದುಳು ಕುಗ್ಗಿದೆ' ಎಂದಿದ್ದರೆ ನಾನು ಜಿ 31.9 ಎಂದು ಬರೆಯಬೇಕಾಗುತ್ತದೆ. ನರಮಂಡಲ ಸವೆಯುವ ರೋಗ, ಯಾವುದೆಂದು ತಿಳಿಸಿಲ್ಲ ಎಂದು ಅದರ ಅರ್ಥ. ಡಾಕ್ಟರು ಆಲ್ಝೈಮರ್ ಎಂದು ಬರೆದರೆ ಜಿ 30. ಪಾರ್ಶ್ವವಾಯುವಿನಿಂದ ಮರೆವು ಬಂದಿದ್ದರೆ ಎಫ್ 01. ಪಿಕ್ ಎಂಬ ಬೇರೊಂದು ರೋಗಕ್ಕೆ ಜಿ 31.0. ಬಾಯಿಂದ ಡಾಕ್ಟರು ಎಷ್ಟೇ ಹೇಳಿರಲಿ, ನೀವು ಎಷ್ಟೇ ಹೇಳಿರಲಿ, ಕಾಗದದ ಮೇಲೆ ಇಲ್ಲದ್ದನ್ನು ನಾನು ಸೇರಿಸುವಂತಿಲ್ಲ. ಮುಂದಿನ ಊರಿನ ಡಾಕ್ಟರಿಗೂ ವಿಮೆಯವರಿಗೂ ಮುಟ್ಟುವುದು ಆ ಕಾಗದವೇ.

ಕೆಲವು ವರ್ಷಗಳ ಹಿಂದೆ ಸುಮಾರು ಎಪ್ಪತ್ತರ ಒಬ್ಬ ತಾಯಿಯನ್ನು ಮಗ ಮತ್ತು ಸೊಸೆ ಕರೆತಂದರು. ಮರೆವು, ನಡೆಯುವಾಗ ತೂರಾಟ, ಹಗಲೆಲ್ಲ ಮಂಪರು. ಬೇರೆ ಕಡೆ ಮೊದಲೇ ಮಾಡಿಸಿದ್ದ ಸ್ಕ್ಯಾನಿನಲ್ಲಿ ವಯಸ್ಸಿನಿಂದ ಮೆದುಳು ಕುಗ್ಗಿದೆ ಎಂದಿತ್ತು. ಮಾಡುವುದೇನೂ ಇಲ್ಲವೆಂದು ಹೇಳಿ ಕಳಿಸಿದ್ದರಂತೆ. ಎಂದಿನಿಂದ ಹೀಗೆ ಎಂದು ನಮ್ಮ ಡಾಕ್ಟರು ಕೇಳಿದರು. "ವಯಸ್ಸಾತಲ್ರಿ, ಭಾಳ ದಿವಸಾತು" ಎಂದ ಮಗ. ಬಾಗಿಲಲ್ಲಿ ನಿಂತಿದ್ದ ಸೊಸೆ ಮೆಲ್ಲಗೆ, "ಇಲ್ರಿ ಸಾಹೇಬ್ರ, ಜಾತ್ರಿತನಕ ರೊಟ್ಟಿ ಅತ್ತಿಯವರೇ ಬಡೀತಿದ್ರು. ಬಚ್ಚಲದಾಗ ಜಾರಿ ಬಿದ್ದ ಮ್ಯಾಲ ಹಿಂಗಾತು" ಎಂದಳು. ಡಾಕ್ಟರು ಆ ಮಾತನ್ನು ಹಾಗೆಯೇ ಕೇಸ್ ಪೇಪರಿನಲ್ಲಿ ಬರೆದರು. ಮತ್ತೆ ಸ್ಕ್ಯಾನ್ ಮಾಡಿಸಿದರೆ ಮೆದುಳಿಗೂ ಬುರುಡೆಗೂ ನಡುವೆ ರಕ್ತ ಕೂಡಿತ್ತು. ದೊಡ್ಡ ಆಸ್ಪತ್ರೆಗೆ ಕಳಿಸಿ ಅದನ್ನು ತೆಗೆಸಿದ ಮೇಲೆ ಆ ತಾಯಿ ತಮ್ಮ ಕಾಲ ಮೇಲೆ ನಡೆದುಕೊಂಡೇ ತೋರಿಸಿಕೊಳ್ಳಲು ಬಂದರು. ಫೈಲಿನ ಸಂಖ್ಯೆ ಎಸ್ 06.5 ಆಯಿತು.

ಮೊದಲಿನ ವರದಿ ಸುಳ್ಳಾಗಿರಲಿಲ್ಲ ನೋಡಿ. ಮೆದುಳು ಕುಗ್ಗಿದ್ದೂ ನಿಜವೇ. ಕುಗ್ಗಿದ ಮೆದುಳಿನ ಸುತ್ತಲಿನ ಸಣ್ಣ ರಕ್ತನಾಳಗಳು ಜಗ್ಗಿಕೊಂಡಿರುತ್ತವೆ, ಸಣ್ಣ ಪೆಟ್ಟಿಗೂ ಹರಿಯುತ್ತವೆ ಎಂದು ಡಾಕ್ಟರು ಆಮೇಲೆ ನನಗೆ ವಿವರಿಸಿದರು.

ಎಲ್ಲರಿಗೂ ಹೀಗೆಯೇ ಗುಣವಾಗುತ್ತದೆ ಎಂದು ನಾನು ಆಸೆ ಹಚ್ಚುವುದಿಲ್ಲ. ಆಲ್ಝೈಮರ್ ರೋಗವನ್ನು ಹಿಂದಕ್ಕೆ ತಿರುಗಿಸುವ ಔಷಧ ಇಂದಿಗೂ ಇಲ್ಲ. ಆದರೆ ಬಿ-12 ಕೊರತೆ, ಥೈರಾಯ್ಡ್ ಕಡಿಮೆಯಾಗುವುದು, ಮೆದುಳಿನಲ್ಲಿ ನೀರು ತುಂಬುವುದು, ಇವುಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. 'ವಯಸ್ಸಾಯಿತು' ಎಂಬ ಒಂದು ಮಾತಿನ ಕೆಳಗೆ ಇವೆಲ್ಲ ಮುಚ್ಚಿಹೋಗುತ್ತವೆ. ಗುಣವಾಗದ ರೋಗವೇ ಆದರೂ ಅದರ ಹೆಸರು ತಿಳಿದರೆ ಮುಂದೆ ಏನು ಬರಲಿದೆ ಎಂದು ಮನೆಯವರು ಸಿದ್ಧರಾಗಬಹುದು.

ಆದ್ದರಿಂದ ಡಾಕ್ಟರ ಮುಂದೆ ಬರೀ ಮರೆವು ಎನ್ನಬೇಡಿ. ಯಾವ ಹಬ್ಬದವರೆಗೆ ಚೆನ್ನಾಗಿದ್ದರು, ಯಾವ ಕೆಲಸ ಮಾಡುತ್ತಿದ್ದವರು ಈಗ ಮಾಡಲಾರರು, ಬಿದ್ದಿದ್ದರೇ, ಮೂತ್ರ ತಡೆಯುತ್ತದೆಯೇ ಎಂಬುದನ್ನು ಹೇಳಿ. ಸೇವಿಸುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತನ್ನಿ. ಕುಡಿತವಿದ್ದರೆ ಮುಚ್ಚಿಡಬೇಡಿ. ದಿನವೂ ಊಟ ಬಡಿಸುವವರು ಯಾರೋ ಅವರನ್ನೇ ಕರೆತನ್ನಿ. ಬಿಡುಗಡೆಯ ದಿನ, "ಕಾರಣ ಏನಂತ ಬರೆದಿದ್ದೀರಿ?" ಎಂದು ಕೇಳಿ; ಕೇಳಿದರೆ ಅವಿನಯವಲ್ಲ. ಕಾರಣ ಇನ್ನೂ ಗೊತ್ತಾಗದಿದ್ದರೆ ಹಾಗೆಂದೇ ಬರೆಯಲಿ. ವಿಮೆಗೆ ಅನುಕೂಲವಾಗಲೆಂದು ಬೇರೆ ರೋಗ ಬರೆಯಿರಿ ಎಂದು ಮಾತ್ರ ನನ್ನ ಬಳಿ ಬರಬೇಡಿ. ನಾಳೆ ಆ ಕಾಗದ ನಂಬಿ ತಪ್ಪು ಔಷಧ ಕೊಟ್ಟರೆ ನುಂಗುವವರು ನಿಮ್ಮ ತಾಯಿಯೇ.

ದಾಖಲೆ ಕೇಳುವುದು ನಿಮ್ಮ ಹಕ್ಕು. ರೋಗಿಯಾಗಲಿ ಅವರು ಒಪ್ಪಿಸಿದವರಾಗಲಿ ಕೇಳಿದರೆ ವೈದ್ಯರು 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ಒಳರೋಗಿಯ ದಾಖಲೆಯನ್ನು ಕಾಯ್ದಿಡಬೇಕಾದ ಅವಧಿ ಅದರಲ್ಲಿ ಮೂರೇ ವರ್ಷ. ಹಾಗಾಗಿ ನಿಮ್ಮ ಪ್ರತಿ ನಿಮ್ಮಲ್ಲಿರಲಿ. ಸ್ಕ್ಯಾನ್ ಫಿಲ್ಮನ್ನು ಮಡಚಬೇಡಿ, ಒಲೆಯ ಮೇಲಿನ ಅಟ್ಟದಲ್ಲಿ ಇಡಬೇಡಿ. ಹಳೆಯದನ್ನು ಹೊಸದರ ಪಕ್ಕ ಹಿಡಿದಾಗಲೇ ಕುಗ್ಗುವಿಕೆ ಎಷ್ಟು ಬೇಗ ಸಾಗಿದೆ ಎಂಬುದು ಡಾಕ್ಟರಿಗೆ ಕಾಣುವುದು.

ಪ್ರಸಾದದ ಗಂಟೆಗೆ ಇನ್ನೂ ಹೊತ್ತಿದೆ. ಯಾರ ಚೀಲದಲ್ಲಾದರೂ ಅಂಥ ವರದಿ ಇದ್ದರೆ ತನ್ನಿ, ಕೊನೆಯ ಸಾಲನ್ನು ಕೂಡಿ ಓದೋಣ.