ತುಮರಿಯ ಕಡವಿಗೆ ಸೇತುವೆ

ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ದೋಣಿಯಲ್ಲಿ ದಾಟುವ ಉರ್ವದವರಿಗೆ ಕಡವಿನಲ್ಲಿ ಕಾಯುವುದು ಗೊತ್ತು. ಶರಾವತಿ ಹಿನ್ನೀರಿನ ತುಮರಿಯವರು ಕಾದದ್ದು ಬೇರೆಯೇ ಬಗೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ನಾಡಿಗೆ ವಿದ್ಯುತ್ತು ಸಿಕ್ಕಿತು. ಅವರಿಗೆ ಸಿಕ್ಕಿದ್ದು ದೋಣಿ, ಆಮೇಲೆ ಲಾಂಚು. ಸಂಜೆಯ ಕೊನೆಯ ಲಾಂಚು ಹೋದ ಮೇಲೆ ಹೆರಿಗೆ ನೋವು ಬಂದರೆ ಕಾಡಿನ ಸುತ್ತುದಾರಿಯೇ ಗತಿ.

2025ರ ಜುಲೈ 14ರಂದು ಅಲ್ಲಿ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ತೆರೆಯಿತು. ಜನ ತೂಗುಸೇತುವೆ ಎನ್ನುತ್ತಾರೆ, ಅಲ್ಲ. ತೂಗುಸೇತುವೆಯಲ್ಲಿ ಜೋತುಬಿದ್ದ ಹಗ್ಗದಿಂದ ಹಾದಿ ನೇತಾಡುತ್ತದೆ. ಇಲ್ಲಿ ಗೋಪುರಗಳಿಂದ ಓರೆಯಾಗಿ ಇಳಿದ ಉಕ್ಕಿನ ಕೇಬಲುಗಳು ಹಾದಿಯನ್ನು ನೇರವಾಗಿ ಹಿಡಿದಿವೆ. ಆಳದ ನೀರಿನಲ್ಲಿ ಕಂಬಗಳು ಕಡಿಮೆ ಸಾಕು. ಈ ವಿದ್ಯೆ ನಮಗೆ ಹೊಸದೇನಲ್ಲ. ಬಂದರು ನಗರ ಕೋಲ್ಕತ್ತಾದಲ್ಲಿ ಹೂಗ್ಲಿಗೆ ಕೇಬಲಿನ ಸೇತುವೆ 1992ರಲ್ಲೇ ಆಗಿತ್ತು. ತುಮರಿಯವರು ಅದಾದ ಮೇಲೂ 33 ವರ್ಷ ಲಾಂಚಿಗೆ ಕಾದರು.